ತುಲಾಂಬೆನ್‌ನ ಮುಳುಗಿದ ಹಡಗು, ಸುತ್ತಲಿನ ಹವಳದ ದಿಬ್ಬಗಳು: ಡೈವಿಂಗ್‌ಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಲಿಗೆ ಹೋದವರು ಕುಟಾ, ಉಬುದ್, ಕಿಂತಾಮಣಿ ಅಂತ ಸುತ್ತಾಡಿ ವಾಪಸ್ ಬರುತ್ತಾರೆ. ದ್ವೀಪದ ಈಶಾನ್ಯದ ಅಂಚಿಗೆ, ಅಗುಂಗ್ ಜ್ವಾಲಾಮುಖಿ ಪರ್ವತದ ಬುಡಕ್ಕೆ ಹೋಗುವವರು ಕಡಿಮೆ. ಅಲ್ಲಿ ಕಪ್ಪು ಕಲ್ಲಿನ ದಂಡೆಯ ಒಂದು ಹಳ್ಳಿ ಇದೆ. ಹೆಸರು ತುಲಾಂಬೆನ್. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಮೊದಲ ಸಲ ಡೈವ್ ಮಾಡಿ ರುಚಿ ಹತ್ತಿದವರು "ಮುಂದೆ ಎಲ್ಲಿಗೆ ಹೋಗೋಣ?" ಅಂತ ಕೇಳಿದಾಗಲೆಲ್ಲ ನನ್ನ ಬಾಯಿಗೆ ಬರುವ ಹೆಸರು ಇದೇ. ಆಮೇಲೆ ಅವರು ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಅವನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ.

ಅಲ್ಲಿ ಅಂಥದ್ದೇನಿದೆ?

ಸುಮಾರು 120 ಮೀಟರ್ ಉದ್ದದ ಒಂದು ಸರಕು ಹಡಗು ಸಮುದ್ರದ ತಳದಲ್ಲಿ ಪಕ್ಕಕ್ಕೆ ವಾಲಿ ಮಲಗಿದೆ. ಇದರಲ್ಲಿ ವಿಶೇಷ ಏನು ಅಂದರೆ ಅದು ದಂಡೆಗೆ ಇರುವಷ್ಟು ಹತ್ತಿರ. ನೀರಿಗಿಳಿದು ಮೂವತ್ತು ನಲವತ್ತು ಮೀಟರ್ ಈಜಿದರೆ ಸಿಕ್ಕಿಬಿಡುತ್ತದೆ. ಹಡಗಿನ ಮೇಲ್ಭಾಗ ನೀರಿನ ಮಟ್ಟದಿಂದ ಸುಮಾರು 5 ಮೀಟರ್ ಕೆಳಗಿದೆ. ಅತಿ ಆಳದ ಭಾಗ 30 ಮೀಟರ್ ಹತ್ತಿರ. ಬೇರೆ ಕಡೆ ಇಂಥ ಹಡಗು ನೋಡಬೇಕಾದರೆ ದೋಣಿಯಲ್ಲಿ ಗಂಟೆಗಟ್ಟಲೆ ಹೋಗಬೇಕು, ವಾಂತಿ ಮಾಡಿಕೊಳ್ಳಬೇಕು, ಆಮೇಲೆ ಕತ್ತಲೆಯ ಆಳಕ್ಕೆ ಇಳಿಯಬೇಕು. ಇಲ್ಲಿ ತಿಂಡಿ ತಿಂದ ಹೋಟೆಲಿನಿಂದ ನಡೆದು ಹೋಗಬಹುದು.

ಅಷ್ಟು ದೊಡ್ಡ ಹಡಗು ದಡದ ಪಕ್ಕದಲ್ಲಿ ಮುಳುಗಿದ್ದು ಹೇಗೆ?

ಅದು ಮುಳುಗಲು ಅಲ್ಲಿಗೆ ಬಂದದ್ದಲ್ಲ. ಮುಳುಗದಿರಲಿ ಅಂತ ಎಳೆದು ತಂದದ್ದು.

ಹಡಗಿನ ಹೆಸರು ಲಿಬರ್ಟಿ. 1918ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಕಟ್ಟಿದ್ದು. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಸೈನ್ಯಕ್ಕೆ ಸಾಮಾನು ಸಾಗಿಸುತ್ತಿತ್ತು. 1942ರ ಜನವರಿ 11ರಂದು ರೈಲಿನ ಬಿಡಿಭಾಗ ಮತ್ತು ರಬ್ಬರ್ ತುಂಬಿಕೊಂಡು ಆಸ್ಟ್ರೇಲಿಯಾದಿಂದ ಫಿಲಿಪ್ಪೀನ್ಸ್ ಕಡೆಗೆ ಹೋಗುತ್ತಿದ್ದಾಗ, ಲೊಂಬೊಕ್ ಜಲಸಂಧಿಯ ಹತ್ತಿರ ಜಪಾನಿನ ಐ-166 ಎಂಬ ಸಬ್‌ಮರೀನ್ ಟಾರ್ಪಿಡೊ ಹೊಡೆಯಿತು. ಹಡಗು ಕೂಡಲೇ ಮುಳುಗಲಿಲ್ಲ. ಒಂದು ಅಮೆರಿಕನ್ ಮತ್ತು ಒಂದು ಡಚ್ ಯುದ್ಧನೌಕೆ ಸೇರಿ ಅದನ್ನು ಬಾಲಿಯ ಉತ್ತರ ದಡದ ಸಿಂಗರಾಜ ಬಂದರಿನ ಕಡೆಗೆ ಎಳೆದುಕೊಂಡು ಹೊರಟವು. ಆದರೆ ಒಳಗೆ ನೀರು ತುಂಬುತ್ತಲೇ ಇತ್ತು. ಬಂದರು ಮುಟ್ಟುವುದು ಆಗದ ಮಾತು ಅಂತ ಗೊತ್ತಾದಾಗ ತುಲಾಂಬೆನ್ ದಂಡೆಗೆ ತಂದು ಹತ್ತಿಸಿದರು. ಹಡಗು ಹೋದರೂ ಸಾಮಾನಾದರೂ ಉಳಿಯಲಿ ಅನ್ನುವ ಲೆಕ್ಕ.

ಆಮೇಲೆ 21 ವರ್ಷ ಅದು ದಡದಲ್ಲೇ ಬಿದ್ದಿತ್ತು. ಕಳಚಿಕೊಂಡು ಹೋಗುವಂಥದ್ದನ್ನೆಲ್ಲ ಜನ ಕಳಚಿಕೊಂಡು ಹೋದರು. 1963ರಲ್ಲಿ ಅಗುಂಗ್ ಸಿಡಿಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತ ದೊಡ್ಡ ಸ್ಫೋಟ ಅದು. ಆಗಿನ ಭೂಕಂಪದ ಅಲುಗಾಟಕ್ಕೆ ಹಡಗು ದಂಡೆಯಿಂದ ಜಾರಿ ನೀರಿನೊಳಗಿನ ಇಳಿಜಾರಿನಲ್ಲಿ ಮಲಗಿತು. ಟಾರ್ಪಿಡೊ ಮುಳುಗಿಸಲಾಗದ ಹಡಗನ್ನು ಬೆಟ್ಟ ಮುಳುಗಿಸಿತು ಅಂತ ಅಲ್ಲಿನ ಗೈಡ್ ಒಬ್ಬರು ನನಗೆ ಹೇಳಿದ್ದರು. ಪ್ರತಿ ಗುಂಪಿಗೂ ಇದೇ ಮಾತು ಹೇಳುತ್ತಾರೆ ಅಂತ ಮರುದಿನ ಗೊತ್ತಾಯಿತು. ಆದರೂ ಮಾತು ನಿಜ.

ಇದು "ಲಿಬರ್ಟಿ ಶಿಪ್" ಜಾತಿಯ ಹಡಗಾ?

ಅಲ್ಲ. ಲಿಬರ್ಟಿ ಶಿಪ್‌ಗಳು ಅಂತ ಕರೆಯುವುದು 1941ರಿಂದ 1945ರವರೆಗೆ ಅಮೆರಿಕ ಸಾವಿರಾರು ಸಂಖ್ಯೆಯಲ್ಲಿ ಕಟ್ಟಿದ ಒಂದೇ ಅಚ್ಚಿನ ಹಡಗುಗಳನ್ನು. ಇದು ಅವಕ್ಕಿಂತ ಇಪ್ಪತ್ತಕ್ಕೂ ಹೆಚ್ಚು ವರ್ಷ ಹಳೆಯದು. ಹೆಸರು ಮಾತ್ರ ಒಂದೇ.

ನನಗೆ ಈಜು ಬರುವುದಿಲ್ಲ. ಆದರೂ ಡೈವ್ ಮಾಡಬಹುದಾ?

ಮೊದಲ ಸಲದವರಿಗೆ ಅಂತಲೇ ಇರುವ ಪರಿಚಯದ ಡೈವ್ ಮಾಡಬಹುದು. ನೇತ್ರಾಣಿಯಲ್ಲಿ ಬಹಳ ಜನ ಮಾಡುವುದು ಇದನ್ನೇ. ಬೋಧಕರು ನಿಮ್ಮನ್ನು ಹಿಡಿದುಕೊಂಡೇ ಇರುತ್ತಾರೆ. ಹೆಚ್ಚೆಂದರೆ 12 ಮೀಟರ್ ಆಳ. ಹಡಗಿನ ಮೇಲ್ಭಾಗ ಅದರೊಳಗೇ ಬರುವುದರಿಂದ ಈಜು ಬಾರದವರೂ ಲಿಬರ್ಟಿಯನ್ನು ನೋಡಿ ಬರುತ್ತಾರೆ.

ಸರ್ಟಿಫಿಕೇಟ್ ಕೋರ್ಸ್‌ಗೆ ಮಾತ್ರ ಈಜು ಬೇಕು. ಸಾಮಾನ್ಯವಾಗಿ ನಿಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ವೇಗ ಯಾರೂ ಅಳೆಯುವುದಿಲ್ಲ. ನಮ್ಮ ಕಡೆ ಕೆರೆ ಬಾವಿಯಲ್ಲಿ ಕಲಿತ ನಾಯಿ ಈಜು ನಡೆಯುತ್ತದಾ ಅಂತ ಒಬ್ಬರು ಕೇಳಿದ್ದರು. ನಡೆಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಬಾಲಿಗೆ ಹೊರಡುವ ಮುಂಚೆ ಎರಡು ತಿಂಗಳು ಹತ್ತಿರದ ಪೂಲ್‌ಗೆ ಹೋಗಿ ಈಜು ಕಲಿಯಿರಿ. ನೀರಿನ ಹೆದರಿಕೆ ಇರುವವರು ಕೆಳಗೆ ಹೋದರೂ ಮೀನು ನೋಡುವುದಿಲ್ಲ, ತಮ್ಮ ಉಸಿರನ್ನೇ ಎಣಿಸುತ್ತಾ ಇರುತ್ತಾರೆ.

ಎಷ್ಟು ಮಟ್ಟದ ಸರ್ಟಿಫಿಕೇಟ್ ಇದ್ದರೆ ಒಳ್ಳೆಯದು?

ಓಪನ್ ವಾಟರ್ ಎಂಬ ಮೊದಲ ಹಂತದ್ದು ಇದ್ದರೆ 18 ಮೀಟರ್‌ವರೆಗೆ ಹೋಗಬಹುದು. ಹಡಗಿನ ಬಹುಪಾಲು ಅಷ್ಟರಲ್ಲೇ ಮುಗಿಯುತ್ತದೆ. ಅಡ್ವಾನ್ಸ್‌ಡ್ ಎಂಬ ಮುಂದಿನ ಹಂತದ್ದು ಆದರೆ 30 ಮೀಟರ್, ಅಂದರೆ ಪೂರ್ತಿ ಹಡಗು. ಅಡ್ವಾನ್ಸ್‌ಡ್ ಇಲ್ಲ ಅಂತ ಕೊರಗುವುದು ಬೇಡ. ಒಳ್ಳೆಯದೆಲ್ಲ ಮೇಲೇ ಇದೆ, ಬೆಳಕೂ ಮೇಲೇ ಇದೆ. 10 ವರ್ಷ ತುಂಬಿದ ಮಕ್ಕಳಿಗೂ ಕೋರ್ಸ್ ಮಾಡಿಸುತ್ತಾರೆ, ಆಳದ ಮಿತಿ ಕಡಿಮೆ ಇರುತ್ತದೆ.

ನೇತ್ರಾಣಿ ಮಾಡಿದ್ದೇನೆ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?

ನೇತ್ರಾಣಿಗೆ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಬೇಕು. ಮಳೆಗಾಲದಲ್ಲಿ ಪೂರ್ತಿ ಬಂದ್. ಬಂಡೆಗಳ ಸುತ್ತ ಮೀನು ಚೆನ್ನಾಗಿವೆ, ಹವಳವೂ ಇದೆ. ಆದರೆ ನಮ್ಮ ಅರಬ್ಬಿ ಸಮುದ್ರದ ದಡದಲ್ಲಿ ನೀರಿನ ತಿಳಿ ದಿನದಿಂದ ದಿನಕ್ಕೆ ಬದಲಾಗುತ್ತದೆ. ಇಂಡೋನೇಷ್ಯಾ ಇರುವುದು ಹವಳದ ತ್ರಿಕೋನ ಅಂತ ಕರೆಯುವ ಪ್ರದೇಶದಲ್ಲಿ. ಜಗತ್ತಿನ ಹವಳದ ಜಾತಿಗಳಲ್ಲಿ ಸುಮಾರು ಮುಕ್ಕಾಲು ಪಾಲು ಅಲ್ಲೇ ಇವೆ. ನೇತ್ರಾಣಿ ನಮ್ಮೂರಿನ ಸಂತೆ ಅಂದುಕೊಂಡರೆ ಇದು ದೊಡ್ಡ ಜಾತ್ರೆ. ಹಾಗಂತ ಸಂತೆಯನ್ನು ಹೀಯಾಳಿಸಬೇಕಾಗಿಲ್ಲ. ಮಾಸ್ಕ್‌ಗೆ ನೀರು ನುಗ್ಗಿದರೆ ಏನು ಮಾಡಬೇಕು ಅನ್ನೋದನ್ನು ನಾನು ಕಲಿತದ್ದು ನೇತ್ರಾಣಿಯಲ್ಲೇ.

ಹಡಗಿನ ಒಳಗೆ ಹೋಗಬಹುದಾ?

ಲಿಬರ್ಟಿ ಈಗ ಮುಚ್ಚಿದ ಡಬ್ಬ ಅಲ್ಲ. ಒಡೆದು ಬಾಯಿ ತೆರೆದುಕೊಂಡಿರುವ ಅಸ್ಥಿಪಂಜರ. ಪಕ್ಕೆಲುಬಿನಂಥ ಕಂಬಿಗಳ ನಡುವೆ ಆ ಕಡೆಯಿಂದ ಈ ಕಡೆಗೆ ಬೆಳಕು ಕಾಣುವಂಥ ದಾರಿಗಳಿವೆ. ಅಂಥ ಕಡೆ ಗೈಡ್ ಕರೆದುಕೊಂಡು ಹೋಗುತ್ತಾರೆ. ಕತ್ತಲೆ ಮೂಲೆಗಳಿಗೆ, ಇಕ್ಕಟ್ಟಿನ ಜಾಗಗಳಿಗೆ ನುಗ್ಗಬೇಡಿ. ಹೆಚ್ಚಿನ ಕಾಲ ಉಪ್ಪು ನೀರಿನಲ್ಲೇ ಕಳೆದ ನೂರು ವರ್ಷ ಹಳೆಯ ಕಬ್ಬಿಣ ಅದು. ತುಕ್ಕು ಹಿಡಿದ ತಗಡು ಯಾವಾಗ ಕಳಚುತ್ತದೋ ಹೇಳಲಾಗದು. ಮೇಲೆ ನೇರವಾಗಿ ನೀರಿನ ಮಟ್ಟ ಕಾಣದ ಜಾಗಕ್ಕೆ ಹೋಗುವುದಕ್ಕೆ ಬೇರೆ ತರಬೇತಿ, ಬೇರೆ ಸಾಮಾನು ಬೇಕು. ಅದಿಲ್ಲದವರು ಹೊರಗಿನಿಂದ ಇಣುಕಿದರೆ ಸಾಕು. ಟಾರ್ಚ್ ಬಿಟ್ಟರೆ ಒಳಗಿರುವ ಮೀನುಗಳೇ ಹೊರಗೆ ನೋಡುತ್ತವೆ!

ಏನೇನು ನೋಡಬಹುದು?

ದಂಡೆಯಿಂದ ಇಳಿದ ಕೂಡಲೇ ಕಪ್ಪು ಮರಳು. ಏನೂ ಇಲ್ಲ ಅನಿಸುತ್ತದೆ. ಸ್ವಲ್ಪ ನಿಂತು ನೋಡಿ. ಮರಳಿನಿಂದ ನೂರಾರು ಬೆರಳುಗಳು ಮೇಲೆದ್ದು ತೂಗುತ್ತಿರುತ್ತವೆ. ಅವು ಗಾರ್ಡನ್ ಈಲ್‌ಗಳು, ಹಾವಿನಂಥ ಸಣ್ಣ ಮೀನು. ಹತ್ತಿರ ಹೋದರೆ ಒಟ್ಟಿಗೇ ಬಿಲದೊಳಗೆ ಇಳಿದುಬಿಡುತ್ತವೆ. ಎಲ್ಲರೂ ಹಡಗಿನ ಆತುರದಲ್ಲಿ ಇವುಗಳ ಮೇಲೆಯೇ ಹಾದು ಹೋಗುತ್ತಾರೆ.

ಆಮೇಲೆ ಎದುರಿಗೆ ನೀಲಿಯಲ್ಲಿ ಒಂದು ನೆರಳು ದಟ್ಟವಾಗುತ್ತಾ ಬರುತ್ತದೆ. ಹತ್ತಿರ ಹೋದಂತೆ ಕಬ್ಬಿಣ ಅಂತ ಗುರುತೇ ಸಿಗುವುದಿಲ್ಲ. ಬೀಸಣಿಗೆಯಂಥ ಹವಳ, ಮೆತ್ತನೆಯ ಹವಳ, ಕೊಳವೆಯಂಥ ಸ್ಪಂಜು ಎಲ್ಲ ಸೇರಿ ಹಡಗನ್ನು ಹೊದ್ದುಕೊಂಡಿವೆ. ಫಿರಂಗಿ, ರಾಟೆ, ಸರಪಳಿಗಳನ್ನು ಗೈಡ್ ಬೆರಳಿಟ್ಟು ತೋರಿಸಿದರೆ ಮಾತ್ರ ತಿಳಿಯುತ್ತದೆ. ಮೇಲೆ ದೊಡ್ಡ ಕಣ್ಣಿನ ಟ್ರೆವಲಿ ಮೀನಿನ ಹಿಂಡು ಸುತ್ತುತ್ತಿರುತ್ತದೆ. ಒಂದೊಂದು ದಿನ ಆ ಹಿಂಡಿನಿಂದ ಸೂರ್ಯನೇ ಮರೆಯಾಗುತ್ತಾನೆ.

ಹಡಗಿನ ದೊಡ್ಡ ಮನುಷ್ಯರು ಅಂದರೆ ಬಂಪ್‌ಹೆಡ್ ಪ್ಯಾರಟ್‌ಫಿಶ್‌ಗಳು. ಹಣೆಯಲ್ಲಿ ಗುಬುಟು, ಗಿಳಿಯ ಕೊಕ್ಕಿನಂಥ ಹಲ್ಲು. ಒಂದು ಮೀಟರ್‌ಗಿಂತ ಉದ್ದ ಬೆಳೆಯುತ್ತವೆ, 40 ಕಿಲೋ ದಾಟುತ್ತವೆ. ರಾತ್ರಿ ಹಡಗಿನ ಸಂದಿಗಳಲ್ಲಿ ಮಲಗಿ ಬೆಳಗಾಗುತ್ತಿದ್ದಂತೆ ಮೇಯಲು ಹೊರಡುತ್ತವೆ. ಹವಳವನ್ನು ಕಚ್ಚಿ ನುರಿದು ತಿಂದು ಮರಳಾಗಿ ಬಿಡುತ್ತವೆ. ಕಚ್ಚುವ ಶಬ್ದ ನೀರೊಳಗೆ ಕೇಳುತ್ತದೆ, ಯಾರೋ ಕಲ್ಲುಸಕ್ಕರೆ ಕಡಿದ ಹಾಗೆ. ಉಷ್ಣವಲಯದ ದ್ವೀಪಗಳ ಬಿಳಿ ಮರಳಿನಲ್ಲಿ ದೊಡ್ಡ ಪಾಲು ಇಂಥ ಮೀನುಗಳ ಹೊಟ್ಟೆಯಿಂದ ಬಂದದ್ದೇ. ಹನಿಮೂನ್ ಫೋಟೊ ತೆಗೆಸಿಕೊಳ್ಳುವವರಿಗೆ ಇದನ್ನು ಹೇಳದಿದ್ದರೇ ಒಳ್ಳೆಯದೇನೋ.

ಗಾತ್ರದ ಇನ್ನೊಂದು ತುದಿಯಲ್ಲಿ ಪಿಗ್ಮಿ ಸೀಹಾರ್ಸ್ ಎಂಬ ಪುಟ್ಟ ಕಡಲಕುದುರೆ ಇದೆ. ಎರಡು ಸೆಂಟಿಮೀಟರ್ ಇದ್ದರೆ ಜಾಸ್ತಿ. ಕೂತಿರುವ ಬೀಸಣಿಗೆ ಹವಳದ ಬಣ್ಣ, ಅದರ ಗಂಟುಗಳ ಆಕಾರ, ಎಲ್ಲವನ್ನೂ ಅಚ್ಚಿಳಿಸಿಕೊಂಡಿರುತ್ತದೆ. 1969ರಲ್ಲಿ ನ್ಯೂ ಕ್ಯಾಲಿಡೋನಿಯಾದಲ್ಲಿ ಜಾರ್ಜ್ ಬಾರ್ಗಿಬಾಂ ಎಂಬುವರು ಅಕ್ವೇರಿಯಂಗೆ ಅಂತ ಹವಳ ತಂದು ಪರೀಕ್ಷಿಸುವಾಗಲೇ ಇಂಥದ್ದೊಂದು ಜೀವ ಇದೆ ಅಂತ ಗೊತ್ತಾದದ್ದು. ಅಲ್ಲಿಯವರೆಗೆ ಮನುಷ್ಯರು ಕಣ್ಣೆದುರೇ ಇದ್ದರೂ ನೋಡಿರಲಿಲ್ಲ. ಗೈಡ್ ತೋರಿಸಿದಾಗ ನನಗೂ ಒಂದು ನಿಮಿಷ ಕಾಣಲಿಲ್ಲ. ಕಂಡಂತೆ ತಲೆಯಾಡಿಸಿದ್ದೆ. ಎರಡನೇ ದಿನ ನಿಜವಾಗಿ ಕಂಡಿತು.

ಯಾವ ಹೊತ್ತಿನ ಡೈವ್ ಒಳ್ಳೆಯದು?

ಬೆಳಗಿನ 6 ಗಂಟೆ. ಇದರಲ್ಲಿ ಎರಡು ಮಾತಿಲ್ಲ. ಬಂಪ್‌ಹೆಡ್‌ಗಳು ಆಗ ಮನೆಯಲ್ಲೇ ಇರುತ್ತವೆ, ಮನುಷ್ಯರು ಇರುವುದಿಲ್ಲ. ದಕ್ಷಿಣ ಬಾಲಿಯಿಂದ ದಿನದ ಪ್ರವಾಸಕ್ಕೆ ಬರುವ ಗುಂಪುಗಳು ಹತ್ತು ಗಂಟೆ ಹೊತ್ತಿಗೆ ಬಂದಿಳಿಯುತ್ತವೆ. ಆಗ ನೀರಿನೊಳಗೆ ಮೀನಿಗಿಂತ ಕಾಲಿಗೆ ಹಾಕುವ ಈಜುರೆಕ್ಕೆ, ಅಂದರೆ ಫಿನ್‌ಗಳೇ ಜಾಸ್ತಿ. ಅದಕ್ಕೇ ಹಿಂದಿನ ರಾತ್ರಿ ತುಲಾಂಬೆನ್‌ನಲ್ಲೇ ಉಳಿದುಕೊಳ್ಳಿ ಅನ್ನೋದು.

ರಾತ್ರಿ ಡೈವ್ ಕೂಡ ಚೆನ್ನಾಗಿದೆ, ಆದರೆ ಹಗಲಿನಲ್ಲಿ ಅದೇ ಜಾಗ ಒಮ್ಮೆ ನೋಡಿದ್ದ ಮೇಲೆ. ಹಗಲು ನೀಲಿ ಬೂದಿಯಾಗಿ ಕಾಣುವ ಹವಳ ಟಾರ್ಚ್ ಬೆಳಕಿಗೆ ಕೆಂಪಾಗಿ, ಕಿತ್ತಳೆಯಾಗಿ ಉರಿಯುತ್ತದೆ. ನೀರು ಕೆಂಪು ಬಣ್ಣವನ್ನು ಮೊದಲ ಕೆಲವು ಮೀಟರ್‌ಗಳಲ್ಲೇ ನುಂಗಿಬಿಡುತ್ತದೆ. ಬಣ್ಣ ಇಲ್ಲದ್ದಲ್ಲ, ಬೆಳಕು ಅಲ್ಲಿಗೆ ಮುಟ್ಟುವುದಿಲ್ಲ ಅಷ್ಟೇ.

ಕಬ್ಬಿಣದ ಮೇಲೆ ಹವಳ ಹೇಗೆ ಬೆಳೆಯುತ್ತದೆ?

ಹವಳ ಕಲ್ಲಲ್ಲ, ಗಿಡವೂ ಅಲ್ಲ. ಸಾವಿರಾರು ಪುಟ್ಟ ಪ್ರಾಣಿಗಳು ಒಟ್ಟಾಗಿ ಕಟ್ಟಿಕೊಂಡ ವಠಾರ. ಮರಿ ಹವಳ ನೀರಿನಲ್ಲಿ ತೇಲುತ್ತಾ ಬಂದು ಗಟ್ಟಿಯಾದ, ಅಲುಗಾಡದ ಜಾಗ ಹುಡುಕುತ್ತದೆ. ಸುತ್ತಲೂ ಜಾರುವ ಮರಳು ಇರುವ ಕಡೆ 120 ಮೀಟರ್ ಉದ್ದದ ಕಬ್ಬಿಣ ಸಿಕ್ಕರೆ ಬಿಡುತ್ತದಾ? ಕುಡಿಯೊಡೆದು ಸುಣ್ಣದ ಮನೆ ಕಟ್ಟುತ್ತದೆ. ಅದರ ಮೈಯೊಳಗೆ ಇರುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಊಟ ತಯಾರಿಸಿ ಪಾಲು ಕೊಡುತ್ತದೆ. ನೀರಿನ ಬಿಸಿ ಮಾಮೂಲಿಗಿಂತ ಒಂದೆರಡು ಡಿಗ್ರಿ ಏರಿ ಕೆಲವು ವಾರ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಬೇಗ ತಣ್ಣಗಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಹಸಿದು ಸಾಯುತ್ತದೆ.

ಒಂದು ಫಿನ್ ಏಟಿಗೆ ಮುರಿಯುವ ಕೊಂಬೆ ಬೆಳೆಯಲು ವರ್ಷಗಳು ಬೇಕು. ಆದ್ದರಿಂದ ಹಡಗನ್ನು ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳಬೇಡಿ. ಹಿಡಿದ ಕೈಗೂ ಒಳ್ಳೆಯದಲ್ಲ, ತುಕ್ಕಿನಲ್ಲಿ ಕುಯ್ದ ಗಾಯ ಬೇಗ ಮಾಯುವುದಿಲ್ಲ.

ಹಡಗು ಬಿಟ್ಟು ಬೇರೆ ಏನಿದೆ?

ಅಲ್ಲೇ ದಂಡೆಯುದ್ದಕ್ಕೆ ನಡೆದರೆ ಕೋರಲ್ ಗಾರ್ಡನ್. ಆಳ ಕಡಿಮೆ, ಬೆಳಕು ಜಾಸ್ತಿ. ಹೊಸಬರು ತೇಲಾಟ ಅಭ್ಯಾಸ ಮಾಡುವುದಕ್ಕೂ, ಹಳಬರು ಸಣ್ಣ ಸೀಗಡಿ, ರಿಬ್ಬನ್ ಈಲ್ ಹುಡುಕುತ್ತಾ ಒಂದು ಗಂಟೆ ಕಳೆಯುವುದಕ್ಕೂ ಹೇಳಿ ಮಾಡಿಸಿದ್ದು. ಇನ್ನೂ ಮುಂದೆ ಹೋದರೆ ಡ್ರಾಪ್ ಆಫ್. ಅಗುಂಗ್‌ನ ಲಾವಾ ಸಮುದ್ರಕ್ಕೆ ಹರಿದು ಹೆಪ್ಪುಗಟ್ಟಿದ ಗೋಡೆ ಅದು, 60 ಮೀಟರ್‌ಗಿಂತ ಕೆಳಕ್ಕೆ ಇಳಿಯುತ್ತದೆ. ಕೆಳಗೆ ತಳ ಕಾಣುವುದಿಲ್ಲ. ಗೋಡೆ ನೋಡುತ್ತಾ ನೋಡುತ್ತಾ ಗೊತ್ತಿಲ್ಲದೆ ಜಾರಿ ಇಳಿಯುವವರಿದ್ದಾರೆ, ಆಳ, ಹೊತ್ತು ತೋರಿಸುವ ಕೈಯ ಡೈವ್ ಕಂಪ್ಯೂಟರ್ ಮೇಲೆ ಕಣ್ಣಿಡಿ.

ಕುಬು ಕಡೆಗೆ ಬೋಗಾ ಅಂತ ಇನ್ನೊಂದು ಹಡಗಿದೆ. ಡೈವರ್‌ಗಳಿಗೆ ಅಂತಲೇ ಬೇಕಂತ ಮುಳುಗಿಸಿದ್ದು. ಅದು ಆಳದಲ್ಲಿದೆ, ಅಡ್ವಾನ್ಸ್‌ಡ್ ಬೇಕು. ಆಮೆದ್ ಕಡೆಯ ಬನ್ಯುನಿಂಗ್‌ನಲ್ಲಿ ಜಪಾನೀಸ್ ರೆಕ್ ಅಂತ ಒಂದು ಚಿಕ್ಕ ಹಡಗು ಮೇಲುಮೇಲೇ ಇದೆ, ಕೊಳವೆಯಲ್ಲಿ ಉಸಿರಾಡುತ್ತಾ ಮೇಲೆಯೇ ತೇಲಿ ಸ್ನಾರ್ಕೆಲ್ ಮಾಡುವವರಿಗೂ ಕಾಣುತ್ತದೆ.

ನೂಸಾ ಪೆನಿಡಾ ದ್ವೀಪದ ಬಗ್ಗೆ ಎಲ್ಲರೂ ಕೇಳುತ್ತಾರೆ. ಮಾಂಟಾ ಎಂಬ ದೊಡ್ಡ ತೊರಕೆ ಮೀನು, ಜುಲೈಯಿಂದ ಅಕ್ಟೋಬರ್‌ವರೆಗೆ ಅದೃಷ್ಟ ಇದ್ದರೆ ಮೋಲಾ ಮೋಲಾ ಎಂಬ ದೈತ್ಯ ಸೂರ್ಯಮೀನು. ಆದರೆ ಅದು ಲೊಂಬೊಕ್ ಜಲಸಂಧಿ. ಪೆಸಿಫಿಕ್ ಸಾಗರದ ನೀರು ಹಿಂದೂ ಮಹಾಸಾಗರಕ್ಕೆ ನುಗ್ಗುವ ಬಾಗಿಲುಗಳಲ್ಲಿ ಒಂದು. ಸೆಳೆತ ಜೋರು, ನೀರು ಒಮ್ಮೊಮ್ಮೆ 20 ಡಿಗ್ರಿಯ ಕೆಳಗೂ ಇಳಿಯುತ್ತದೆ. ಮೊದಲ ಹತ್ತು ಡೈವ್ ಅಲ್ಲಿ ಮಾಡುವುದು ಬೇಡ. ತುಲಾಂಬೆನ್‌ನಲ್ಲಿ ಸೆಳೆತ ಸಾಮಾನ್ಯವಾಗಿ ಹಗುರ. ಮೊದಲು ಇಲ್ಲಿ ಪಳಗಿಕೊಂಡು ಆಮೇಲೆ ಅಲ್ಲಿಗೆ ಹೋಗಿ.

ಯಾವ ತಿಂಗಳು ಹೋಗಬೇಕು?

ಏಪ್ರಿಲ್‌ನಿಂದ ನವೆಂಬರ್‌ವರೆಗೆ. ಅಂದರೆ ನಮ್ಮಲ್ಲಿ ಮಳೆ ಹೊಯ್ದು ನೇತ್ರಾಣಿ ಮುಚ್ಚಿರುವಾಗ ಅಲ್ಲಿ ಒಳ್ಳೆಯ ಕಾಲ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಅಲ್ಲಿ ಮಳೆ. ಅಲೆ ಎದ್ದರೆ ಕಲ್ಲಿನ ದಂಡೆಯಿಂದ ಇಳಿಯುವುದೇ ಕಷ್ಟ, ನೀರೂ ಕದಡುತ್ತದೆ. ನೀರು ಹೆಚ್ಚಿನ ಕಾಲ 27ರಿಂದ 29 ಡಿಗ್ರಿ. ಜುಲೈ, ಆಗಸ್ಟ್‌ನಲ್ಲಿ ಒಂದೆರಡು ಡಿಗ್ರಿ ಕಡಿಮೆ. ಚಳಿ ತಡೆಯದವರು 5 ಮಿಲಿಮೀಟರ್ ವೆಟ್‌ಸೂಟ್ ಕೇಳಿ ಪಡೆಯಿರಿ.

ಟಿಕೆಟ್ ತೆಗೆಯುವ ಮುಂಚೆ ನ್ಯೆಪಿ ಯಾವತ್ತು ಅಂತ ನೋಡಿಕೊಳ್ಳಿ. ಬಾಲಿಯವರ ಹೊಸ ವರ್ಷದ ಮೌನದ ದಿನ ಅದು. ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ರಸ್ತೆಗೆ, ದಂಡೆಗೆ ಯಾರೂ ಕಾಲಿಡುವಂತಿಲ್ಲ, ಡೈವಿಂಗ್ ದೂರದ ಮಾತು. ಅವರು ಎಣಿಸುವುದೂ ನಮ್ಮ ಪಂಚಾಂಗದ ಹಾಗೆ ಶಕ ವರ್ಷವನ್ನೇ. ಹಾಗಾಗಿ ಎಷ್ಟೋ ಸಲ ನ್ಯೆಪಿ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. 2023ರಲ್ಲಿ ಎರಡೂ ಮಾರ್ಚ್ 22ಕ್ಕೇ ಇದ್ದವು. ಯುಗಾದಿ ರಜೆಗೆ ಅಂತ ಪ್ಲಾನ್ ಹಾಕುವವರು ಹುಷಾರು.

ದಂಡೆಯಿಂದ ಇಳಿಯುವುದು ಕಷ್ಟವಾ?

ಇಡೀ ಡೈವ್‌ನಲ್ಲಿ ಕಷ್ಟದ ಭಾಗ ಇದೊಂದೇ. ದಂಡೆಯಲ್ಲಿ ಮರಳಿಲ್ಲ. ತೆಂಗಿನಕಾಯಿ ಗಾತ್ರದ ದುಂಡು ಕಲ್ಲುಗಳು, ಕಪ್ಪಗೆ, ಬಿಸಿಲಿಗೆ ಕಾದು, ನೀರಿನಲ್ಲಿ ಜಾರುತ್ತಾ ಇರುತ್ತವೆ. ಗಟ್ಟಿ ಅಟ್ಟೆಯ ಬೂಟು ಇಲ್ಲದೆ ಇಳಿಯಬೇಡಿ. ಫಿನ್ ಕೈಯಲ್ಲಿ ಹಿಡಿದು ಸೊಂಟದ ನೀರಿನವರೆಗೆ ನಡೆಯಿರಿ, ಬಿಸಿಡಿಯಲ್ಲಿ, ಅಂದರೆ ಗಾಳಿ ತುಂಬಿಸುವ ಜಾಕೆಟ್‌ನಲ್ಲಿ, ಗಾಳಿ ತುಂಬಿ ತೇಲಿ, ಆಮೇಲೆ ಫಿನ್ ಹಾಕಿಕೊಳ್ಳಿ. ಹೊರಬರುವಾಗ ಅಲೆಗೆ ಬೆನ್ನು ಕೊಟ್ಟು ನಿಲ್ಲಬೇಡಿ. ನಾನು ಮೊದಲ ದಿನ ಮೊಣಕಾಲು ನೀರಿನಲ್ಲೇ ಫಿನ್ ಹಾಕಿಕೊಳ್ಳಲು ಒಂಟಿ ಕಾಲಲ್ಲಿ ನಿಂತೆ. ಒಂದು ಸಣ್ಣ ಅಲೆ ಬಂತು. ಬೆನ್ನ ಮೇಲಿನ ಸಿಲಿಂಡರ್ ಕೆಳಗೆ, ನಾನು ಮೇಲೆ, ಮಗುಚಿದ ಆಮೆಯ ಹಾಗೆ ಬಿದ್ದಿದ್ದೆ.

ಸಿಲಿಂಡರ್ ಹೊತ್ತುಕೊಂಡು ದಂಡೆಯವರೆಗೆ ನಡೆಯಬೇಕಾಗಿಲ್ಲ. ಹಳ್ಳಿಯವರದೇ ಹೊರೆಯಾಳುಗಳ ಗುಂಪಿದೆ, ಹೆಚ್ಚಿನವರು ಹೆಂಗಸರು. ತಲೆಗೆ ಸಿಂಬಿ ಇಟ್ಟು ಅದರ ಮೇಲೆ ಸಿಲಿಂಡರ್ ಇಟ್ಟು, ಕೆಲವೊಮ್ಮೆ ಎರಡೆರಡು, ಆ ಜಾರುವ ಕಲ್ಲಿನ ಮೇಲೆ ಚಪ್ಪಲಿಯಲ್ಲೇ ಸರಸರ ನಡೆಯುತ್ತಾರೆ. ತುಂಬಿದ ಒಂದು ಸಿಲಿಂಡರ್ 15 ಕಿಲೋ ಮೇಲೇ ಇರುತ್ತದೆ. ನಮ್ಮೂರಲ್ಲಿ ಕೊಡ ಹೊತ್ತು ನಡೆಯುವ ನಡಿಗೆಯೇ ಅದು. ಅವರ ಕೂಲಿ ನಿಮ್ಮ ಪ್ಯಾಕೇಜಿನಲ್ಲಿ ಸೇರಿದೆಯಾ ಅಂತ ಮೊದಲೇ ಕೇಳಿ. "ನಾನೇ ಹೊರುತ್ತೇನೆ" ಅಂತ ಬಡಾಯಿ ಮಾಡಬೇಡಿ, ಅದು ಅವರ ಅನ್ನ.

ಕಿವಿ ನೋಯುತ್ತದಾ?

ಸರಿಯಾಗಿ ಮಾಡಿದರೆ ಇಲ್ಲ. ಮೂಗು ಮುಚ್ಚಿ ಮೆಲ್ಲಗೆ ಊದಬೇಕು. ನೋವು ಬಂದ ಮೇಲಲ್ಲ, ಬರುವ ಮುಂಚೆ, ಹೆಚ್ಚುಕಡಿಮೆ ಮೀಟರ್‌ಗೊಮ್ಮೆ. ಕಿವಿ ಬಿಡದಿದ್ದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ನೆಗಡಿ ಇದ್ದರೆ ಆ ದಿನ ಇಳಿಯಲೇಬೇಡಿ. ಮೂಗು ಕಟ್ಟಿದ್ದಕ್ಕೆ ಮಾತ್ರೆ ನುಂಗಿ ಇಳಿಯುವವರಿದ್ದಾರೆ. ಮಾತ್ರೆಯ ಬಲ ಆಳದಲ್ಲಿ ಇಳಿದುಹೋದರೆ ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಕೊಂಡು ನರಳಬೇಕಾಗುತ್ತದೆ.

ಅಸ್ತಮಾ, ಹೃದಯದ ತೊಂದರೆ, ಕಿವಿಯ ಆಪರೇಷನ್, ಫಿಟ್ಸ್ ಇದ್ದವರು ಊರಲ್ಲೇ ಡಾಕ್ಟರ್ ಹತ್ತಿರ ಬರೆಸಿಕೊಂಡು ಹೋಗಿ. ಗರ್ಭಿಣಿಯರು ಬೇಡ.

ಒಂದು ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?

ಎಷ್ಟು ಆಳ ಅನ್ನುವುದರ ಮೇಲೆ ಹೋಗುತ್ತದೆ. ಮಾಮೂಲಿ ಸಿಲಿಂಡರ್ ಸುಮಾರು 11 ಲೀಟರ್, 200 ಬಾರ್ ಒತ್ತಡ. 50 ಬಾರ್ ಉಳಿಸಿಕೊಂಡು ಮೇಲೆ ಬರಬೇಕು. ಬಳಸಲು ಸಿಗುವುದು ಸುಮಾರು 1650 ಲೀಟರ್ ಗಾಳಿ. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಉಸಿರಾಡುವವರು 10 ಮೀಟರ್ ಆಳದಲ್ಲಿ 40 ಲೀಟರ್ ಎಳೆಯುತ್ತಾರೆ, 30 ಮೀಟರ್‌ನಲ್ಲಿ 80. ಅಂದರೆ 10 ಮೀಟರ್‌ನಲ್ಲಿ ಸುಮಾರು 40 ನಿಮಿಷ, 30 ಮೀಟರ್‌ನಲ್ಲಿ ಬರೀ 20. ಆಳದ ಒತ್ತಡಕ್ಕೆ ಉಸಿರಿನ ಗಾಳಿಯಿಂದ ಮೈಯಲ್ಲಿ ಕರಗುವ ನೈಟ್ರೋಜನ್ ಲೆಕ್ಕವೂ ಹಾಗೇ. ಎಲ್ಲರೂ ಬಳಸುವ ಒಂದು ಕೋಷ್ಟಕದ ಪ್ರಕಾರ 18 ಮೀಟರ್‌ನಲ್ಲಿ 56 ನಿಮಿಷ ಇರಬಹುದು, 30ರಲ್ಲಿ 20 ನಿಮಿಷ ಮಾತ್ರ.

ಆಳಕ್ಕೆ ಹೋದದ್ದನ್ನು ಹೇಳಿಕೊಳ್ಳುವ ಚಟ ನಮಗೆ. ಲೆಕ್ಕ ಮಾತ್ರ ಬೇರೆಯೇ ಹೇಳುತ್ತದೆ ಅಲ್ವಾ?

ಡೈವ್ ಮುಗಿಸಿ ಅದೇ ದಿನ ವಿಮಾನ ಹತ್ತಬಹುದಾ?

ಬೇಡ. ಮೈಯಲ್ಲಿ ಕರಗಿದ ನೈಟ್ರೋಜನ್ ಎತ್ತರಕ್ಕೆ ಹೋದರೆ ಗುಳ್ಳೆಗಟ್ಟಿ ಕಾಡುತ್ತದೆ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆದರೆ ಕನಿಷ್ಠ 18 ಗಂಟೆ ಬಿಡಬೇಕು. ನಾನು 24 ಬಿಡುತ್ತೇನೆ.

ಇದು ಎಲ್ಲರಿಗೂ ಗೊತ್ತು. ಮರೆಯುವುದು ಕಿಂತಾಮಣಿಯನ್ನು. ತುಲಾಂಬೆನ್‌ನಲ್ಲಿ ಬೆಳಗ್ಗೆ ಎರಡು ಡೈವ್ ಮಾಡಿ, ಮಧ್ಯಾಹ್ನ ಕಾರಿನಲ್ಲಿ ಕಿಂತಾಮಣಿ ಮೇಲೆ ಹಾದು ಉಬುದ್‌ಗೆ ಹೋಗೋಣ ಅಂತ ಡ್ರೈವರ್ ಹೇಳಬಹುದು. ಆ ದಾರಿ ಸುಮಾರು 1500 ಮೀಟರ್ ಎತ್ತರಕ್ಕೆ ಏರುತ್ತದೆ. ಬೆಟ್ಟ ಹತ್ತುವುದೂ ವಿಮಾನ ಹತ್ತಿದ ಹಾಗೇ, ಮೈಯಲ್ಲಿರುವ ನೈಟ್ರೋಜನ್‌ಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕರಾವಳಿ ರಸ್ತೆಯಲ್ಲೇ ಹೋಗಿ. ಕೀಲು ನೋವು, ಮರಗಟ್ಟುವಿಕೆ, ವಿಪರೀತ ಸುಸ್ತು ಕಂಡರೆ ಆಮ್ಲಜನಕ ಕೇಳಿ ಪಡೆಯಿರಿ, ತಡಮಾಡಬೇಡಿ. ಒತ್ತಡದ ಕೋಣೆಯ ಚಿಕಿತ್ಸೆ ದೆನ್‌ಪಸಾರ್‌ನ ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿದೆ. ದುಬಾರಿ. ಮಾಮೂಲಿ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಡೈವಿಂಗ್ ಬಿಟ್ಟಿರುತ್ತಾರೆ, ಸಣ್ಣ ಅಕ್ಷರ ಓದಿ.

ಶಾರ್ಕ್? ವಿಷದ ಮೀನು?

ಶಾರ್ಕ್ ಕಂಡರೆ ನಿಮ್ಮ ಪುಣ್ಯ, ಸಣ್ಣ ರೀಫ್ ಶಾರ್ಕ್ ನಿಮ್ಮನ್ನು ಕಂಡು ಓಡುತ್ತದೆ. ಹುಷಾರಾಗಿರಬೇಕಾದ್ದು ಅಲುಗಾಡದೆ ಕೂತಿರುವವುಗಳ ಹತ್ತಿರ: ಕಲ್ಲಿನಂತೆ ಕಾಣುವ ಸ್ಕಾರ್ಪಿಯನ್ ಫಿಶ್, ಸ್ಟೋನ್ ಫಿಶ್, ಸೊಗಸಾಗಿ ರೆಕ್ಕೆ ಹರಡಿದ ಲಯನ್ ಫಿಶ್. ಏನನ್ನೂ ಮುಟ್ಟದಿದ್ದರೆ ಇವುಗಳಿಂದ ತೊಂದರೆಯೇ ಇಲ್ಲ. ಮುಳ್ಳು ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಅದ್ದಿಡಿ, ಡಾಕ್ಟರ್ ಹತ್ತಿರ ಹೋಗಿ.

ನಿಜಕ್ಕೂ ಜಗಳಗಂಟ ಅಂದರೆ ಟೈಟನ್ ಟ್ರಿಗರ್‌ಫಿಶ್. ಮೊಟ್ಟೆ ಇಟ್ಟಾಗ ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ. ಅದು ಕಾಯುವ ಜಾಗ ಗೂಡಿನಿಂದ ಮೇಲಕ್ಕೆ ಆಲಿಕೆಯ ಹಾಗೆ ಅಗಲವಾಗುತ್ತದೆ. ಆದ್ದರಿಂದ ಮೇಲಕ್ಕೆ ಓಡಬೇಡಿ, ಪಕ್ಕಕ್ಕೆ ಈಜಿ.

ಮುಟ್ಟಿನ ದಿನಗಳಲ್ಲಿ ಡೈವ್ ಮಾಡಬಹುದಾ?

ಮಾಡಬಹುದು. ಶಾರ್ಕ್ ಬರುತ್ತದೆ ಅನ್ನೋದು ಕಟ್ಟುಕತೆ. ಹೊಟ್ಟೆನೋವು, ಸುಸ್ತು ಇದ್ದರೆ ಬಿಡಿ, ಅದು ಎಲ್ಲ ದಿನಕ್ಕೂ ಅನ್ವಯಿಸುವ ಮಾತು.

ಕನ್ನಡಕ ಹಾಕುತ್ತೇನೆ. ಏನು ಮಾಡಲಿ?

ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಬಹುದು. ಇಲ್ಲವಾದರೆ ಪವರ್ ಇರುವ ಮಾಸ್ಕ್ ಕೇಳಿ. ನೀರಿನೊಳಗೆ ಎಲ್ಲವೂ ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುವುದರಿಂದ ಸಣ್ಣ ಪವರ್‌ನವರಿಗೆ ಏನೂ ಬೇಕಾಗದಿರಬಹುದು. ಮೀನಿನ ಅಳತೆಯನ್ನು ಊರಿಗೆ ಬಂದು ಹೇಳುವಾಗಲೂ ಇದು ನೆನಪಿರಲಿ.

ಸಸ್ಯಾಹಾರ ಸಿಗುತ್ತದಾ?

ಚೆನ್ನಾಗಿಯೇ ಸಿಗುತ್ತದೆ. ಟೆಂಪೆ, ತೋಫು, ಶೇಂಗಾ ಚಟ್ನಿ ಸುರಿದ ಗಾಡೊ ಗಾಡೊ. ಆದರೆ ಸಾಂಬಲ್ ಅನ್ನುವ ಅವರ ಖಾರದ ಚಟ್ನಿಯಲ್ಲಿ ತೆರಾಸಿ ಹಾಕುತ್ತಾರೆ. ಅದು ಸೀಗಡಿ ಹುದುಗಿಸಿ ಮಾಡಿದ್ದು. "ತನ್ಪಾ ತೆರಾಸಿ" ಅಂದರೆ ತೆರಾಸಿ ಬೇಡ ಅಂತ. ಡೈವ್‌ಗೆ ಮುಂಚೆ ಹೊಟ್ಟೆ ಬಿರಿಯ ತಿನ್ನಬೇಡಿ, ಖಾಲಿ ಹೊಟ್ಟೆಯಲ್ಲೂ ಹೋಗಬೇಡಿ. ಒಂದು ಬಾಳೆಹಣ್ಣು ಸಾಕು.

ಕ್ಯಾಮೆರಾ ತಗೊಂಡು ಹೋಗಲಾ?

ಮೊದಲ ಹತ್ತು ಹದಿನೈದು ಡೈವ್ ಬೇಡ. ತೇಲಾಟ ಕೈಗೆ ಹತ್ತದವರು ಕ್ಯಾಮೆರಾ ಹಿಡಿದರೆ ಕಾಲು ಹವಳದ ಮೇಲಿರುತ್ತದೆ.

ಹೋಗುವುದು ಹೇಗೆ? ಖರ್ಚು?

ಬೆಂಗಳೂರಿನಿಂದ ದೆನ್‌ಪಸಾರ್‌ಗೆ ನೇರ ವಿಮಾನ ಇದೆ. ಅಲ್ಲಿಂದ ತುಲಾಂಬೆನ್‌ಗೆ ಸುಮಾರು 100 ಕಿಲೋಮೀಟರ್, ಕಾರಿನಲ್ಲಿ ಎರಡೂವರೆಯಿಂದ ಮೂರು ಗಂಟೆ. ಭಾರತೀಯರಿಗೆ ಅಲ್ಲಿ ಇಳಿದ ಮೇಲೆ 30 ದಿನದ ವೀಸಾ ಕೊಡುತ್ತಾರೆ, 5 ಲಕ್ಷ ರುಪಿಯಾ. 2024ರ ಫೆಬ್ರುವರಿಯಿಂದ ಬಾಲಿಯ ಪ್ರವಾಸಿ ಶುಲ್ಕ ಬೇರೆ, ಒಂದೂವರೆ ಲಕ್ಷ ರುಪಿಯಾ. ಲಕ್ಷ ಅಂತ ಗಾಬರಿ ಬೇಡ, ಅವರ ಸೊನ್ನೆಗಳೇ ಹಾಗೆ. ಹೊರಡುವ ಮುಂಚೆ ಒಮ್ಮೆ ಇವನ್ನು ಪರಿಶೀಲಿಸಿಕೊಳ್ಳಿ, ಸರ್ಕಾರಗಳು ಬದಲಿಸುತ್ತಾ ಇರುತ್ತವೆ.

ಡೈವ್ ಸೆಂಟರ್‌ಗಳ ದರ ಹೋಲಿಸುವಾಗ ಬರೀ ಮೊತ್ತ ನೋಡಬೇಡಿ. ಸಾಮಾನಿನ ಬಾಡಿಗೆ, ಕಂಪ್ಯೂಟರ್, ದಂಡೆಯ ಶುಲ್ಕ, ಹೊರೆಯಾಳು ಕೂಲಿ, ಕೋರ್ಸ್‌ನ ಓದುವ ಸಾಮಗ್ರಿ ಸೇರಿದೆಯಾ ಕೇಳಿ. ಒಬ್ಬ ಗೈಡ್‌ಗೆ ಎಷ್ಟು ಜನ ಅನ್ನೋದನ್ನು ಎಲ್ಲಕ್ಕಿಂತ ಮೊದಲು ಕೇಳಿ. ನಾಲ್ಕಕ್ಕಿಂತ ಜಾಸ್ತಿ ಅಂದರೆ ಬೇರೆ ಕಡೆ ನೋಡಿ. ನಾನು ಒಮ್ಮೆ ಅಗ್ಗ ಅಂತ ದಕ್ಷಿಣದಿಂದ ದಿನದ ಪ್ರವಾಸಕ್ಕೆ ಬಂದೆ. ಎಂಟು ಜನಕ್ಕೆ ಒಬ್ಬ ಗೈಡ್. ಒಬ್ಬರ ಗಾಳಿ ಮುಗಿದದ್ದಕ್ಕೆ ಎಂಟೂ ಜನ 28 ನಿಮಿಷಕ್ಕೆ ಮೇಲೆ ಬಂದೆವು. ಆರು ಗಂಟೆ ಕಾರಿನಲ್ಲಿ ಕೂತದ್ದು ಅದಕ್ಕೆ.

ಅಗುಂಗ್ ಮತ್ತೆ ಸಿಡಿದರೆ?

2017ರಲ್ಲಿ ಎಚ್ಚರಗೊಂಡಿತ್ತು, ಬೂದಿಯಿಂದ ವಿಮಾನ ನಿಲ್ದಾಣ ಕೆಲವು ದಿನ ಮುಚ್ಚಿತ್ತು. 2019ರವರೆಗೂ ಆಗಾಗ ಬೂದಿ ಕಾರಿತು. ಬೆಟ್ಟದ ಎಚ್ಚರಿಕೆ ಮಟ್ಟವನ್ನು ಸರ್ಕಾರ ಪ್ರಕಟಿಸುತ್ತದೆ. ಅದನ್ನು ನೋಡಿಕೊಂಡು ಹೊರಡಿ.

ಎಷ್ಟು ದಿನ ಇಟ್ಟುಕೊಳ್ಳಬೇಕು? ಒಂದೇ ಹಡಗನ್ನು ಎಷ್ಟು ಸಲ ನೋಡುವುದು?

ಕನಿಷ್ಠ ಮೂರು ರಾತ್ರಿ. ಮೊದಲ ದಿನ ಕೋರಲ್ ಗಾರ್ಡನ್‌ನಲ್ಲಿ ಕಾಲು ಕೈ ಸಡಿಲ ಮಾಡಿಕೊಳ್ಳಿ, ಮಧ್ಯಾಹ್ನ ಗುಂಪುಗಳು ಹೊರಟ ಮೇಲೆ ಹಡಗು. ಎರಡನೇ ದಿನ ಬೆಳಗ್ಗೆ ಆರಕ್ಕೆ ಹಡಗು, ಆಮೇಲೆ ಡ್ರಾಪ್ ಆಫ್, ಕತ್ತಲಾದ ಮೇಲೆ ಮತ್ತೆ ಹಡಗು. ಮೂರನೇ ದಿನ ಬೆಳಗ್ಗೆ ಇನ್ನೊಮ್ಮೆ ಹಡಗು. ಅದರ ಮರುದಿನ ವಿಮಾನ.

"ನಾಲ್ಕು ಸಲ ಅದನ್ನೇ?" ಅಂತ ಎಲ್ಲರೂ ಕೇಳುತ್ತಾರೆ. ಮೊದಲ ಸಲ ನೀವು ನೋಡುವುದು ಗಾಳಿ ಎಷ್ಟಿದೆ ಅಂತ ತೋರಿಸುವ ನಿಮ್ಮ ಗೇಜ್ ಮತ್ತು ಗೈಡ್‌ನ ಫಿನ್ ಮಾತ್ರ. ಎರಡನೇ ಸಲ ಹಡಗು ಹಡಗಿನಂತೆ ಕಾಣುತ್ತದೆ. ಮೂರನೇ ಸಲ ಅದರ ಮೇಲಿರುವವರು ಕಾಣುತ್ತಾರೆ. ನಾಲ್ಕನೇ ಸಲ ನಾನು 8 ಮೀಟರ್ ಆಳದಲ್ಲಿ ಒಂದೇ ಬೀಸಣಿಗೆ ಹವಳದ ಮುಂದೆ ಹದಿನೈದು ನಿಮಿಷ ತೇಲುತ್ತಿದ್ದೆ. ಗೈಡ್ ಎರಡು ಸಲ ಬಂದು "ಎಲ್ಲ ಸರಿನಾ?" ಅಂತ ಕೈಸನ್ನೆ ಮಾಡಿ ಹೋದರು.